ಕಡೆಯ ಎರಡು ಚಿಗರಿ

ನಮ್ಮೂರ ಚಾವಡಿಯ ಗೋಡೆಗೆ ಒಂದು ಕರಿಹಲಗೆ ಹೊಡೆದಿದ್ದಾರೆ. ಅದರ ಮೇಲೆ ಒಂದು ಅಂಕಿ ಬಿಟ್ಟು ಬೇರೇನೂ ಇರುವುದಿಲ್ಲ. ಹೊಸಬರು ಅದನ್ನು ತಾರೀಖೆಂದು ತಿಳಿದು ಗಲಿಬಿಲಿಗೊಳ್ಳುತ್ತಾರೆ. ಅದು ತಾರೀಖಲ್ಲ, ಊರಲ್ಲಿ ಇನ್ನೂ ಓಡುತ್ತಿರುವ ಚಿಗರಿ ಗಾಡಿಗಳು ಎಷ್ಟು ಎಂಬುದು. ನಾನು ಚಡ್ಡಿ ಹಾಕುತ್ತಿದ್ದಾಗ ಅಲ್ಲಿ ನಲವತ್ತೆರಡು ಎಂದು ಬರೆದಿತ್ತು. ನಾನೀಗ ಹೇಳುತ್ತಿರುವ ಸಂಗತಿ ನಡೆದ ವರ್ಷ ಎರಡು ಎಂದಿತ್ತು. ಆ ಎರಡರಲ್ಲಿ ಒಂದು ನನ್ನದು. ಇನ್ನೊಂದು ಬಳೆಗಾರ ಗುರುಶಾಂತನದು. ನನ್ನ ತಕರಾರು ಇರುವುದೇ ಅಲ್ಲಿ.

ಚಿಗರಿ ಎಂದರೆ ಗಿಡ್ಡ ಗಾಡಿ. ಮುಂದೆ ಇಬ್ಬರು ಕೂರಬಹುದು, ಹಿಂದೆ ಕಾಲು ಮಡಚಿಕೊಂಡರೆ ಇನ್ನಿಬ್ಬರು. ಮೇಲೆ ತಾಡಪತ್ರಿಯ ಹೊದಿಕೆ. ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಎಳೆತ ಇರುವುದರಿಂದ ಕಲ್ಲಿರಲಿ, ಉಸುಕಿರಲಿ, ಹಳ್ಳದ ಕೆಸರಿರಲಿ, ಅದಕ್ಕೆ ದಾರಿ ಬೇಕೆಂದೇ ಇಲ್ಲ. ಮಾಡುತ್ತಿದ್ದ ಕಾರ್ಖಾನೆ ಎಂದೋ ಬಾಗಿಲು ಹಾಕಿತು. ಬೇರೆ ಊರುಗಳಲ್ಲಿ ಜನ ಹೊಸ ಹೊಸ ಗಾಡಿ ಕೊಳ್ಳುತ್ತಾರಂತೆ. ನಮ್ಮೂರಿಗೆ ಅವು ಬರುವುದಿಲ್ಲ. ಊರ ಹೊರಗಿನ ಸೇತುವೆಯ ತನಕ ಬಂದು ನಿಂತುಬಿಡುತ್ತವೆ, ಇಳಿದು ತಳ್ಳಿದರೂ ಈಚೆಗೆ ದಾಟುವುದಿಲ್ಲ. ಹೀಗಾಗಿ ಇದ್ದ ಚಿಗರಿಗಳನ್ನೇ ಕಾಯ್ದುಕೊಂಡು ಬಂದೆವು.

ಒಂದು ಚಿಗರಿ ಸತ್ತರೆ ಅದರ ಬಲ ಉಳಿದವಕ್ಕೆ ಹಂಚಿಕೆಯಾಗುತ್ತದೆ. ಇದಕ್ಕೆ ನಾವು ಪಾಲು ಅನ್ನುತ್ತೇವೆ. ಪಾಲು ಬಂದಾಗ ನಿಂತ ಗಾಡಿ ನೀರಿನಿಂದ ಎದ್ದ ನಾಯಿಯ ಹಾಗೆ ಒಮ್ಮೆ ಮೈ ಕೊಡವುತ್ತದೆ. ಆಮೇಲೆ ಬಣ್ಣಕ್ಕೆ ಹೊಳಪು ಬರುತ್ತದೆ, ಗೇರು ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ, ನಿನ್ನೆ ಏದುಸಿರು ಬಿಟ್ಟ ಏರನ್ನು ಇವತ್ತು ನಕ್ಕೊಂಡು ಏರುತ್ತದೆ. ಇಂಥ ಊರಲ್ಲಿ ಜನ ಹೇಗಿರುತ್ತಾರೆಂದು ನೀವೇ ಯೋಚಿಸಿ. ಎದುರಿಗೆ ಸಿಕ್ಕವರು ನಿಮ್ಮ ಗಾಡಿ ಹೇಗಿದೆ ಎಂದು ಕೇಳುತ್ತಿದ್ದರು. ಚೆನ್ನಾಗಿದೆ ಎಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಯಾರದಾದರೂ ಗಾಡಿ ಬೀದಿಯಲ್ಲಿ ಎರಡು ಸಲ ಕೆಮ್ಮಿದರೆ ಇಡೀ ಓಣಿ ಬಾಗಿಲಿಗೆ ಬಂದು ಕಿವಿಗೊಡುತ್ತಿತ್ತು. ಗಾಡಿ ಕಳೆದುಕೊಂಡವನ ಮನೆಗೆ ಮಾತಾಡಿಸಲು ಹೋಗುವುದು ಪದ್ಧತಿ. ಹೋದವರು ತಲೆ ತಗ್ಗಿಸಿ ಕೂತು, ಪಾಪ ಎಂಥಾ ಗಾಡಿ ಅದು ಎಂದು ಲೊಚಗುಟ್ಟಿ, ಹೊರಗೆ ಬಂದವರೇ ತಮ್ಮ ಗಾಡಿ ಹತ್ತಿ ಏರಿನ ಕಡೆಗೆ ಓಡುತ್ತಿದ್ದರು.

ಏರು ಎಂದರೆ ಬೋಳುಗುಡ್ಡದ ಏರು. ಊರಿನ ಹಿಂದೆಯೇ ಇದೆ, ಒಂದೇ ಬಂಡೆ, ಗೋಡೆಗಿಂತ ಸ್ವಲ್ಪ ಮಾತ್ರ ಓರೆ. ಪಾಲು ಬಂದ ಮರುದಿನ ಬೆಳಿಗ್ಗೆ ಉಳಿದ ಚಿಗರಿಗಳು ಒಂದೊಂದಾಗಿ ಅದನ್ನು ಏರಬೇಕು. ಎಲ್ಲಿ ನಿಲ್ಲುತ್ತದೋ ಅಲ್ಲಿ ಲಲಿತಾಬಾಯಿ ಟೀಚರು ಸುಣ್ಣದ ಗೆರೆ ಎಳೆದು ಗಾಡಿಯವನ ಹೆಸರು ಬರೆಯುತ್ತಾರೆ. ಹಲಗೆಯ ಅಂಕಿ ಬರೆಯುವವರೂ ಅವರೇ. ನೆತ್ತಿಯ ತನಕ ಯಾರೂ ಗಾಡಿಯಲ್ಲಿ ಮುಟ್ಟಿರಲಿಲ್ಲ. ಅಲ್ಲಿ ಏನಿದೆ ಎಂದು ಕೇಳಬೇಡಿ. ಒಂದು ನೇರಳೆ ಮರ ಇದೆ. ಹಿಂದಿನ ಕಾಲುದಾರಿಯಿಂದ ಮೇಕೆ ಕಾಯುವವರು ದಿನಾ ಹೋಗಿ ಅದರ ಕೆಳಗೆ ರೊಟ್ಟಿ ತಿಂದು ಬರುತ್ತಾರೆ. ಆದರೂ ಗಾಡಿಯಲ್ಲಿ ಮುಟ್ಟಬೇಕೆಂದು ಇಡೀ ಊರು ಬಾಯಿ ಬಿಡುತ್ತಿತ್ತು, ಎಲ್ಲರಿಗಿಂತ ಹೆಚ್ಚಾಗಿ ನಾನು.

ಏಕೆಂದರೆ ನಾನು ಈ ಊರಿನ ಒಬ್ಬನೇ ಮೇಸ್ತ್ರಿ, ಮೋನಪ್ಪ ಬಡಿಗೇರ. ಪ್ರತಿ ಚಿಗರಿಯ ಹೊಟ್ಟೆಯೊಳಗೆ ಕೈ ಹಾಕಿದವನು. ನನ್ನ ಕೆಲಸದ ಕಷ್ಟ ನಿಮಗೆ ಗೊತ್ತಾಗಬೇಕು. ನಾನು ಒಂದು ಗಾಡಿ ರಿಪೇರಿ ಮಾಡಿದರೆ ಉಳಿದವರೆಲ್ಲರ ಪಾಲಿಗೆ ಕಲ್ಲು ಹಾಕಿದಂತೆ, ನನ್ನ ಪಾಲಿಗೂ. ಕೆಡಿಸಿದರೆ ಎಲ್ಲರಿಗೂ ಲಾಭ, ನನಗೂ. ಎಷ್ಟೋ ಜನ ಗ್ಯಾರೇಜಿನ ಬಾಗಿಲಲ್ಲಿ ನಿಂತು ಅದೂ ಇದೂ ಮಾತಾಡಿ, ಒಳಗಿದ್ದ ಬೇರೆಯವರ ಗಾಡಿಯನ್ನು ನೋಡಿ, ಬಿಡು ಮಾರಾಯ, ಅದಕ್ಕೆ ವಯಸ್ಸಾಯಿತು ಎಂದು ಹೋಗಿದ್ದಾರೆ. ಮೂವತ್ತು ವರ್ಷ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಉಳಿಯುವ ಗಾಡಿಯನ್ನು ಉಳಿಸಿದೆ. ಉಳಿಯದ್ದಕ್ಕೆ ಕಡೆಯ ಸಲ ಕೀಲಿ ತಿರುಗಿಸಿ, ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು, ಹೋತು ಎಂದೆ. ನಾನು ಹೋತು ಎಂದದ್ದೇ ತಡ, ಹೊರಗೆ ಬೀದಿಯಲ್ಲಿ ನಿಂತ ಚಿಗರಿಗಳೆಲ್ಲ ಮೈ ಕೊಡವುತ್ತಿದ್ದವು. ಒಮ್ಮೆಯೂ ತಪ್ಪಿರಲಿಲ್ಲ. ನನ್ನ ಮಾತಿಗೇ ಪಾಲು ಬರುತ್ತದೆ ಎಂದು ಊರೂ ನಂಬಿತ್ತು, ನಾನೂ ನಂಬಿದ್ದೆ. ಆ ನಂಬಿಕೆ ನನಗೆ ಬಹಳ ಹಿತವಾಗಿತ್ತು.

ಮೂವತ್ತು ವರ್ಷದಲ್ಲಿ ನನ್ನ ಗ್ಯಾರೇಜಿಗೆ ಕಾಲಿಡದ ಚಿಗರಿ ಒಂದೇ ಒಂದು. ಗುರುಶಾಂತನದು. ಅವನೂ ನಾನೂ ಹುಸೇನಸಾಬ ಉಸ್ತಾದರ ಕೈಕೆಳಗೆ ಒಟ್ಟಿಗೇ ಕೆಲಸ ಕಲಿತವರು. ನಾನು ಎಂಟು ವರ್ಷ ಕಲಿತೆ. ಅವನು ಎರಡೇ ವರ್ಷಕ್ಕೆ ಬಿಟ್ಟು, ತಂದೆಯ ಬಳೆ ವ್ಯಾಪಾರಕ್ಕೆ ಹೋದ. ಹೋಗುವ ದಿನ ಉಸ್ತಾದರು ಅವನ ಬೆನ್ನು ತಟ್ಟಿ, ಮೋನಪ್ಪನ ಕೈ ಚಲೋ ಐತಿ, ಆದರ ಕಿವಿ ಅಂದ್ರ ಗುರುಶಾಂತಂದು ಎಂದರು. ಅವರು ಹೇಳಿದ್ದು ಅಷ್ಟೇ. ಅಷ್ಟು ಸಣ್ಣ ಮಾತು ಇಷ್ಟು ವರ್ಷ ಒಬ್ಬನ ಹೊಟ್ಟೆಯಲ್ಲಿ ಹೇಗೆ ಉಳಿಯುತ್ತದೆಂದು ನನ್ನ ಹೆಂಡತಿ ಶಾವಂತ್ರವ್ವ ಕೇಳುತ್ತಾಳೆ. ಉಳಿದಿದೆ, ಏನು ಮಾಡಲಿ.

ಗುರುಶಾಂತ ತನ್ನ ಚಿಗರಿಯ ಹಿಂಭಾಗದಲ್ಲಿ ಬಳೆಯ ಮಲಾರಗಳನ್ನು ಜೋಡಿಸಿಕೊಂಡು ಗುಡ್ಡದ ಆಚೆಯ ಹಟ್ಟಿಗಳಿಗೆ ಹೋಗುತ್ತಿದ್ದ. ಕಲ್ಲಿನ ಮೇಲೆ ಕಲ್ಲು ಇರುವ ದಾರಿ. ಗಾಜಿನ ಬಳೆ. ಒಂದೂ ಒಡೆಯುತ್ತಿರಲಿಲ್ಲ. ಎಂಜಿನ್ನಿನ ಸದ್ದು ಕೂದಲೆಳೆಯಷ್ಟು ಬದಲಾದರೂ ಅವನಿಗೆ ತಿಳಿಯುತ್ತಿತ್ತು. ಅಲ್ಲೇ ನಿಲ್ಲಿಸಿ, ಏನೋ ಒಂದು ತಿರುವಿ, ಹೊರಟುಬಿಡುತ್ತಿದ್ದ. ಹಟ್ಟಿಯ ಹೆಂಗಸರು ಅವನ ಹಾರ್ನ್ ಕೇಳಿದರೆ ಒಲೆಯ ಮೇಲಿನ ಸಾರು ಬಿಟ್ಟು ಬರುತ್ತಾರಂತೆ. ಶಾವಂತ್ರವ್ವನೂ ಹಾಗೆಯೇ. ನಾನು ಊಟಕ್ಕೆ ಕರೆದರೆ ತಡೀರಿ ಅನ್ನುವವಳು, ಅವನ ಹಾರ್ನಿಗೆ ಬಾಗಿಲಲ್ಲಿ ಇರುತ್ತಿದ್ದಳು. ಅವನು ಅವಳ ಕೈ ಹಿಡಿದು, ಬೆರಳು ಮಡಚಿ, ನೋವಾಗದಂತೆ ಹಸಿರು ಬಳೆ ಏರಿಸುವಾಗ ನಾನು ಗ್ರೀಸಿನ ಕೈ ಒರೆಸಿಕೊಳ್ಳುತ್ತ ನೋಡುತ್ತಿದ್ದೆ. ನನ್ನನ್ನು ಕಂಡರೆ ಅವನು ಮೋನ್ಯಾ ಎಂದು ಬಾಯ್ತುಂಬ ಕರೆಯುತ್ತಿದ್ದ. ಅದು ಇನ್ನೂ ಉರಿಸುತ್ತಿತ್ತು.

ಇಷ್ಟಾದರೂ ಸಹಿಸುತ್ತಿದ್ದೆ. ಗೆರೆಯ ವಿಷಯ ಮಾತ್ರ ಸಹಿಸಲಾಗಲಿಲ್ಲ. ಪಾಲು ಎಲ್ಲರಿಗೂ ಸಮ ಎನ್ನುತ್ತಾರೆ. ಹಾಗಾದರೆ ಬೋಳುಗುಡ್ಡದ ಮೇಲೆ ಅವನ ಗೆರೆ ಯಾವಾಗಲೂ ನನ್ನ ಗೆರೆಗಿಂತ ಮೇಲೆ ಹೇಗೆ? ಹದಿನೈದು ಗಾಡಿ ಇದ್ದಾಗ ಒಂದು ಗೇಣು ಮೇಲಿತ್ತು. ಏಳು ಇದ್ದಾಗ ಒಂದು ಮೊಳ. ಹೋದ ವರ್ಷ ಮೂರನೆಯ ಗಾಡಿ ಸತ್ತು ನಾವಿಬ್ಬರೇ ಉಳಿದಾಗ ನಾನು ಏರಿನ ನಡುವೆ ಮೂಗಿನಂತೆ ಉಬ್ಬಿದ ಮೂಗುಗಲ್ಲಿನ ಕೆಳಗೆ ನಿಂತೆ, ಅವನು ಮೂಗುಗಲ್ಲು ದಾಟಿ ಒಂದಾಳುದ್ದ ಮೇಲೆ ಹೋಗಿ ನಿಂತ. ಜನ ಸಿಳ್ಳೆ ಹೊಡೆದರು. ನನ್ನ ಗಾಡಿಯ ಪ್ರತಿ ತಿರುಪನ್ನೂ ನಾನೇ ಬಿಗಿದಿದ್ದೇನೆ. ಅವನದು ಬರೀ ಕಿವಿ. ನನಗೆ ಬರಬೇಕಾದ ಪಾಲಿನಲ್ಲಿ ಒಂದಿಷ್ಟು ಅವನ ಕಡೆ ಸೋರುತ್ತಿದೆ ಎಂದು ನನಗೆ ಖಾತ್ರಿಯಾಯಿತು. ಅಂದಿನಿಂದ ದಿನಾ ಬೆಳಿಗ್ಗೆ ಚಾವಡಿಯ ಮುಂದೆ ಹಾದು ಆ ಎರಡನ್ನು ನೋಡುತ್ತಿದ್ದೆ. ಒಂದು ಆಗಲಿ ಎಂದು ಬೇಡಿಕೊಳ್ಳುತ್ತಿದ್ದೆ, ಅದು ನನ್ನದೇ ಆಗಿರಲಿ ಎಂದೂ ಸೇರಿಸುತ್ತಿದ್ದೆ.

ಬೇಸಿಗೆ ಇನ್ನೇನು ಶುರುವಾಗಬೇಕು, ಒಂದು ಸೋಮವಾರ ಹತ್ತು ಗಂಟೆಯ ಹೊತ್ತಿಗೆ ಎರಡು ಎತ್ತು ಕಟ್ಟಿ ಎಳೆಸಿಕೊಂಡು ಗುರುಶಾಂತನ ಚಿಗರಿ ನನ್ನ ಗ್ಯಾರೇಜಿಗೆ ಬಂತು. ಅವನು ಸ್ಟೇರಿಂಗ್ ಹಿಡಿದು ಕೂತಿದ್ದ. ನನಗೆ ಒಳಗೊಳಗೇ ಕುಣಿಯುವಂತಾಯಿತು. ಎಂಟು ವರ್ಷ ಕಲಿತವನ ಹತ್ತಿರ ಎರಡು ವರ್ಷ ಕಲಿತವನು ಕಡೆಗೂ ಬರಲೇಬೇಕಾಯಿತಲ್ಲ ಎಂದುಕೊಂಡೆ. ಏನಾಯಿತು ಎಂದು ಕೇಳಿದೆ. ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ. ಮತ್ತೆ ಕೇಳಿದೆ. ಅವನು ಹತ್ತಿರ ಬಂದು, ಯಾರಾದರೂ ಇದ್ದಾರೇನೋ ಎಂದು ಸುತ್ತ ನೋಡಿ, ತಗ್ಗಿದ ದನಿಯಲ್ಲಿ ಹೇಳಿದ.

"ನನಗ ಕೇಳಸವಲ್ದು ಮೋನ್ಯಾ. ಆರು ತಿಂಗಳಾತು. ಮನ್ಯಾಗ ಬಿಟ್ರ ಯಾರಿಗೂ ಹೇಳಿಲ್ಲ. ಹಟ್ಟಿ ದಾರ್‍ಯಾಗ ನಿಂತುಬಿಡ್ತು, ಅದು ಏನ ಹೇಳಾಕತ್ತೈತೋ ನನಗ ತಿಳೀಲಿಲ್ಲ. ನೀ ಕೇಳಿ ಹೇಳು."

ಉಸ್ತಾದರು ಹೊಗಳಿದ ಆ ಕಿವಿ ಹೋಗಿತ್ತು. ನನಗೆ ಸಂತೋಷವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಗಾಡಿ ಬಿಟ್ಟು ಹೋಗು, ನೋಡುತ್ತೇನೆ ಎಂದೆ. ಅವನು ಬಾಗಿಲ ತನಕ ಹೋಗಿ ತಿರುಗಿ ಬಂದು, ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿ ಹೋದ.

ರೋಗ ಹಿಡಿಯಲು ನನಗೆ ಐದು ನಿಮಿಷ ಬೇಕಾಗಲಿಲ್ಲ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಒಳಗೆ ರೋಟರ್ ಇರುತ್ತದೆ. ಹೆಬ್ಬೆರಳಿನಷ್ಟು ದೊಡ್ಡದು. ಗರಗರ ತಿರುಗಿ ಎಂಜಿನ್ನಿಗೆ ಕಿಡಿ ಹಂಚುವುದು ಅದರ ಕೆಲಸ. ಅವನದರಲ್ಲಿ ಸಣ್ಣ ಬಿರುಕು ಬಿಟ್ಟಿತ್ತು. ಅಷ್ಟೇ. ಎಂಜಿನ್ ಮಾತ್ರ ಹೇಗಿತ್ತೆಂದರೆ, ನಾನು ಅಂಥ ಎಂಜಿನ್ ನೋಡಿರಲಿಲ್ಲ. ಇಷ್ಟು ವರ್ಷ ಓಡಿದ್ದಕ್ಕೆ ಒಂದು ಹನಿ ಎಣ್ಣೆ ಸೋರಿಲ್ಲ, ಒಂದು ತಿರುಪಿನ ತಲೆ ಸವೆದಿಲ್ಲ. ನಾನು ನನ್ನ ಗಾಡಿಯನ್ನು ಇಷ್ಟು ಚೆನ್ನಾಗಿ ಇಟ್ಟುಕೊಂಡಿರಲಿಲ್ಲ. ಸತ್ತ ಚಿಗರಿಗಳಿಂದ ಬಿಚ್ಚಿಟ್ಟ ರೋಟರ್‌ಗಳು ನನ್ನ ಹತ್ತಿರ ಬಿಸ್ಕತ್ತಿನ ಡಬ್ಬಿಯ ತುಂಬ ಇದ್ದವು. ಡಬ್ಬಿ ಕೈಗೆ ಎಟುಕುವಷ್ಟು ದೂರದಲ್ಲಿತ್ತು. ನಾನು ಬಿರುಕು ಬಿಟ್ಟ ರೋಟರನ್ನು ಮತ್ತೆ ಅಲ್ಲೇ ಕೂರಿಸಿ, ಮುಚ್ಚಳ ಹಾಕಿ, ಸ್ಟೂಲಿನ ಮೇಲೆ ಕೂತೆ.

ಮೂರು ದಿನ ಕೂತೆ. ದಾರಿಹೋಕರು ಬಗ್ಗಿ ನೋಡಿದರೆ ಗಾಡಿಯ ಕೆಳಗೆ ಮಲಗಿ ಪಾನಾದಿಂದ ಸದ್ದು ಮಾಡುತ್ತಿದ್ದೆ. ಗುರುಶಾಂತ ಒಂದು ಮಲಾರ ಬೆನ್ನಿಗೆ ಕಟ್ಟಿಕೊಂಡು ನಡೆದೇ ಹತ್ತಿರದ ಹಟ್ಟಿಗೆ ಹೋಗಿಬಂದ. ಬಿಸಿಲಿಗೆ ಮುಖ ಕಪ್ಪಾಗಿತ್ತು. ಜಾರಿ ಬಿದ್ದು ಅರ್ಧ ಬಳೆ ಒಡೆದವಂತೆ. ಅದನ್ನು ಕೇಳಿ ಒಂದು ಗಳಿಗೆ ನನಗೆ ಡಬ್ಬಿಯ ಕಡೆ ಕೈ ಹೋಯಿತು. ಆಗಲೇ ಶಾವಂತ್ರವ್ವ ಗ್ಯಾರೇಜಿಗೆ ಅಂಟಿದ ಮನೆಯ ಒಳಗಿನಿಂದ, ಗುರುಶಾಂತಣ್ಣನ ಗಾಡಿ ಜಲ್ದಿ ಮಾಡಿ ಕೊಡ್ರಿ, ಅವರಿಲ್ಲಂದ್ರ ಹಟ್ಟಿ ಹೆಣಮಕ್ಕಳಿಗೆ ಯಾರು ದಿಕ್ಕು ಎಂದಳು. ನನ್ನ ಗಾಡಿ ಕೆಟ್ಟು ನಿಂತಾಗ ಇವಳು ಒಂದು ದಿನವಾದರೂ ಹೀಗೆ ಅಂದಿದ್ದಾಳೆಯೇ? ಕೈ ಹಿಂದಕ್ಕೆ ಬಂತು.

ಗುರುವಾರ ಅವನಿಗೆ ಹೇಳಿ ಕಳಿಸಿದೆ. ಬಂದಾಗ ಕ್ರ್ಯಾಂಕ್ ಸೀಳಿದೆ ಎಂದೆ, ಬಾಯಿ ದೊಡ್ಡದಾಗಿ ತೆರೆದು, ಅವನಿಗೆ ತಿಳಿಯುವ ಹಾಗೆ. ಕ್ರ್ಯಾಂಕ್ ಎಂದರೆ ಎಂಜಿನ್ನಿನ ಬೆನ್ನೆಲುಬು. ಅದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ನಮ್ಮೂರಲ್ಲಿ ಸತ್ತ ನಲವತ್ತು ಗಾಡಿಗಳಲ್ಲಿ ಇಪ್ಪತ್ತಾರು ಸತ್ತದ್ದೇ ಕ್ರ್ಯಾಂಕ್ ಸೀಳಿ. ಹಳೆಯವು ಉಳಿದಿಲ್ಲ, ಹೊಸವು ಸಿಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅವನು ಕೆಳಗೆ ಬಗ್ಗಿ ನೋಡಲೂ ಇಲ್ಲ. ನೀ ಅದರ ಸದ್ದು ಕೇಳಿದೇನು ಎಂದಷ್ಟೇ ಅಂದ. ಕೇಳಿದೆ ಎಂದೆ. ಆಮೇಲೆ ಪಾನಾ ಕೆಳಗಿಟ್ಟು ಆ ಮಾತು ಹೇಳಿದೆ. ಹೋತು.

ನನ್ನ ಕಣ್ಣು ಬಾಗಿಲ ಹೊರಗೆ ನಿಂತಿದ್ದ ನನ್ನ ಚಿಗರಿಯ ಮೇಲೆಯೇ ಇತ್ತು. ಅದು ಅಲುಗಿದ್ದು ಕಾಣಲಿಲ್ಲ. ಆದರೆ ಆ ಹೊತ್ತಿಗೆ ಸರಿಯಾಗಿ ಗುರುಶಾಂತ ನಡುವೆ ಬಂದು ನಿಂತಿದ್ದ. ಅವನ ಹಿಂದೆ ಅದು ಮೈ ಕೊಡವಿರಬೇಕು, ನನಗೆ ಕಂಡಿಲ್ಲ ಎಂದುಕೊಂಡೆ. ಗಾಡಿ ಕಳೆದುಕೊಂಡವನು ಉಳಿದವರನ್ನು ಒಂದು ಮಾತು ಕೇಳುವುದು ನಮ್ಮಲ್ಲಿ ರೂಢಿ. ಅವನು ಅದನ್ನೂ ತಪ್ಪಿಸಲಿಲ್ಲ. ಒಣಗಿದ ತುಟಿ ಒದ್ದೆ ಮಾಡಿಕೊಂಡು, ಪಾಲು ಬಂತೇನು ಎಂದ. ಬಂತು, ನಿನ್ನ ಪುಣ್ಯ ಎಂದೆ.

ಅವನೇ ಕೈಯಾರ ತನ್ನ ಗಾಡಿಯ ಹಾರ್ನ್ ಬಿಚ್ಚಿದ. ಬಳೆ ಸುತ್ತುವ ಮೆತ್ತನೆಯ ಬಟ್ಟೆಯಲ್ಲಿ ಅದನ್ನು ಸುತ್ತಿ ಎದೆಗೆ ಒತ್ತಿಕೊಂಡು ಚಾವಡಿಗೆ ನಡೆದ. ಸತ್ತ ಗಾಡಿಗಳ ಹಾರ್ನ್‌ಗಳನ್ನೆಲ್ಲ ಅಲ್ಲಿ ಹಲಗೆಯ ಕೆಳಗೆ ಸಾಲಾಗಿ ತೂಗುಹಾಕಿರುತ್ತಾರೆ. ಸಂಜೆ ನಾಲ್ಕಕ್ಕೆ ನಲವತ್ತೊಂದನೆಯದು ತೂಗಿತು. ಲಲಿತಾಬಾಯಿ ಟೀಚರು ಎರಡನ್ನು ಒರೆಸಿ ಒಂದು ಎಂದು ಬರೆದರು. ಆ ಒಂದು ನಾನು. ಎಷ್ಟು ದಿನದಿಂದ ಕಾದಿದ್ದೆ, ಆದರೆ ನೋಡಿದರೆ ಯಾಕೋ ಅದು ಬರೀ ಒಂದು ಕಡ್ಡಿಯ ಹಾಗೆ ಕಂಡಿತು. ಮನೆಗೆ ಬಂದಾಗ ಶಾವಂತ್ರವ್ವ ನನ್ನ ಮುಖವನ್ನೇ ನೋಡಿ, ಖರೇನ ಹೋತೇನ್ರಿ ಎಂದಳು. ನಾನು ಕೈಕಾಲು ತೊಳೆಯಲು ಹೋದೆ.

ಮರುದಿನ ಬೆಳಿಗ್ಗೆ ಬೋಳುಗುಡ್ಡದ ಬುಡದಲ್ಲಿ ಊರಿಗೆ ಊರೇ ಸೇರಿತ್ತು. ನಲವತ್ತೆರಡು ಚಿಗರಿಗಳ ಬಲ ಒಂದರಲ್ಲಿ ಸೇರಿದರೆ ಹೇಗಿರುತ್ತದೆಂದು ನೋಡಲು ಗುಡ್ಡದ ಆಚೆಯ ಹಟ್ಟಿಗಳಿಂದಲೂ ಜನ ಬಂದಿದ್ದರು. ಹಟ್ಟಿಯ ಹೆಂಗಸರು ಕೈತುಂಬ ಬಳೆ ಹಾಕಿಕೊಂಡು ಒಂದು ಕಡೆ ನಿಂತಿದ್ದರು. ಅವರು ನನ್ನ ಕಡೆ ನೋಡುತ್ತಿರಲಿಲ್ಲ, ಗುರುಶಾಂತನ ಕಡೆ ನೋಡುತ್ತಿದ್ದರು. ಲಲಿತಾಬಾಯಿ ಟೀಚರು ಕಾಲುದಾರಿಯಿಂದ ಮೊದಲೇ ಮೇಲೆ ಹೋಗಿ ಸುಣ್ಣದ ಬಕೆಟ್ ಹಿಡಿದು ನೇರಳೆ ಮರದ ಕೆಳಗೇ ನಿಂತುಬಿಟ್ಟಿದ್ದರು. ನಾನು ಅಲ್ಲಿಯ ತನಕ ಬರುತ್ತೇನೆಂದು ಅವರಿಗೆ ಅಷ್ಟು ಭರವಸೆ. ನಾನು ಹೊಸ ಅಂಗಿ ಹಾಕಿಕೊಂಡಿದ್ದೆ.

ಮೊದಲ ಗೇರು ಹಾಕಿ ಏರಿದೆ. ಹಳೆಯ ಗೆರೆಗಳು ಒಂದೊಂದಾಗಿ ಗಾಲಿಯ ಕೆಳಗೆ ಸರಿದವು, ಒಂದೊಂದಕ್ಕೂ ಒಬ್ಬೊಬ್ಬರ ಹೆಸರು, ಎಷ್ಟೋ ಹೆಸರು ಮಳೆಗೆ ಅಳಿಸಿಹೋಗಿದ್ದವು. ಗಾಡಿ ಚೆನ್ನಾಗಿಯೇ ಎಳೆಯುತ್ತಿತ್ತು. ಬಂತು, ಪಾಲು ಬಂದಿದೆ ಎಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡೆ. ಮೂಗುಗಲ್ಲು ಕಂಡಿತು. ಅದರ ಕೆಳಗೆ ನನ್ನ ಹೋದ ವರ್ಷದ ಗೆರೆ. ಮುಂದಿನ ಗಾಲಿ ಆ ಗೆರೆಯನ್ನು ಮುಟ್ಟಿತು, ಎಂಜಿನ್ ಒಮ್ಮೆ ಬಿಕ್ಕಿತು, ಗಾಡಿ ನಿಂತಿತು. ಒಂದು ಬೆರಳಿನಷ್ಟು ಮುಂದಿಲ್ಲ, ಒಂದು ಬೆರಳಿನಷ್ಟು ಹಿಂದಿಲ್ಲ. ಅದೇ ಗೆರೆ.

ಹಿಂದಕ್ಕೆ ಇಳಿದು ಮತ್ತೆ ಏರಿದೆ. ಅದೇ ಗೆರೆ. ಮೂರನೆಯ ಸಲ ಎಲ್ಲ ದೇವರನ್ನೂ ನೆನೆದು, ಕಾಲು ಎತ್ತದೆ ಏರಿಸಿದೆ. ಗಾಡಿ ಮತ್ತೆ ಅಲ್ಲಿಯೇ ನಿಂತಿತು. ಕೆಳಗೆ ಊರು ತನ್ನ ಲೆಕ್ಕ ಮಾಡುತ್ತಿತ್ತು, ಅದು ನನಗೂ ಗೊತ್ತಾಗುತ್ತಿತ್ತು. ಗಾಡಿ ಸತ್ತರೆ ಪಾಲು ಬರುತ್ತದೆ. ಪಾಲು ಬಂದಿಲ್ಲ. ಅಂದರೆ ಗಾಡಿ ಸತ್ತಿಲ್ಲ. ಅಂದರೆ ಮೋನಪ್ಪ ಹೋತು ಎಂದದ್ದು ಸುಳ್ಳು. ನನ್ನ ಮಾತಿಗೆ ಪಾಲು ಬರುತ್ತದೆ ಎಂದು ಮೂವತ್ತು ವರ್ಷ ಮೆರೆದೆನಲ್ಲ, ನಾನು ಸತ್ತ ಗಾಡಿಯನ್ನು ಮಾತ್ರ ಸತ್ತಿದೆ ಎಂದಿದ್ದೆ, ಅದಕ್ಕೆ ಬರುತ್ತಿತ್ತು. ಇಷ್ಟು ಸಣ್ಣ ವಿಷಯ ಬಂಡೆಯ ಮೇಲೆ ನಿಂತಾಗ ಹೊಳೆಯಿತು. ಇಳಿಯಲು ಧೈರ್ಯ ಸಾಲದೆ ಬ್ರೇಕ್ ಹಿಡಿದು ಅಲ್ಲೇ ಕೂತೆ.

ಕೆಳಗಿನಿಂದ ಒಬ್ಬ ಬಂಡೆಯ ಮೇಲೆ ಕೈಯೂರಿ ಏರಿ ಬರುತ್ತಿದ್ದ. ಗುರುಶಾಂತ. ಹೊಡೆಯಲಿ ಎಂದುಕೊಂಡೆ, ಹೊಡೆದರೆ ಮುಗಿಯುತ್ತದೆ. ಅವನು ಬಂದವನೇ ನನ್ನ ಕಡೆ ನೋಡಲಿಲ್ಲ. ಮುಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಗೆರೆಯ ಮೇಲೆ ಬೆರಳಿಟ್ಟು, ಗಾಲಿಯ ಮೇಲೆ ಬೆರಳಿಟ್ಟು, ಮತ್ತೆ ಗೆರೆಯ ಮೇಲೆ ಇಟ್ಟ. ಎದ್ದಾಗ ಅವನ ಕಣ್ಣಲ್ಲಿ ನೀರಿತ್ತು, ಮುಖದ ತುಂಬ ನಗು.

"ಮೋನ್ಯಾ, ನಂದು ಸತ್ತಿಲ್ಲೋ. ಇನ್ನೂ ಜೀವ ಐತಿ ಅದಕ್ಕ."

ಕಿವಿ ಕೇಳದವರು ಮಾತಾಡುವಂತೆ ಅವನು ಗಟ್ಟಿಯಾಗಿ ಹೇಳಿದ. ಕೆಳಗೆ ನಿಂತವರಿಗೆಲ್ಲ ಕೇಳಿಸಿತು. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ, ಇನ್ನೂ ಗಟ್ಟಿಯಾಗಿ, ನಿನ್ನ ಕಿವೀನೂ ಹೋತೇನೋ ನನ್ನಂಗ ಎಂದ. ಕೆಳಗೆ ಒಂದಿಬ್ಬರು ನಕ್ಕರು, ಆಮೇಲೆ ಹತ್ತಾರು ಜನ. ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲವೋ, ಅಥವಾ ಎಲ್ಲ ತಿಳಿದೇ ನನ್ನನ್ನು ಊರ ಬಾಯಿಯಿಂದ ಎತ್ತಿಕೊಂಡನೋ, ನಾನು ಅವನ ಮುಖ ನೋಡಿ ಹೇಳಲಾರದೆ ಹೋದೆ. ಎರಡರಲ್ಲಿ ಯಾವುದಾದರೂ ಅಷ್ಟೇ, ನನಗೆ ಹೊಟ್ಟೆ ಉರಿಯಿತು. ಮೋಸ ಹೋಗುವಷ್ಟು ಒಳ್ಳೆಯವನಾದರೂ ಅವನೇ, ಕ್ಷಮಿಸುವಷ್ಟು ದೊಡ್ಡವನಾದರೂ ಅವನೇ. ನನಗೇನು ಉಳಿಯಿತು?

ಇಬ್ಬರೂ ನನ್ನ ಗಾಡಿಯಲ್ಲೇ ಕೂತು ಹಿಂದಕ್ಕೆ ಇಳಿದೆವು. ಗ್ಯಾರೇಜಿನ ತನಕ ಅರ್ಧ ಊರು ಹಿಂದೆ ಬಂತು, ಬಾಗಿಲಲ್ಲಿ ನಿಂತಿತು. ಶಾವಂತ್ರವ್ವ ಜನರನ್ನು ಸರಿಸಿಕೊಂಡು ಒಳಗೆ ಬಂದಳು. ಬಿಸ್ಕತ್ತಿನ ಡಬ್ಬಿಯನ್ನು ಗೂಡಿನಿಂದ ತೆಗೆದು, ಮುಚ್ಚಳ ಬಿಚ್ಚಿ, ನನ್ನ ಮುಂದೆ ಬೆಂಚಿನ ಮೇಲೆ ಇಟ್ಟು ಹೋಗಿ ಬಾಗಿಲಲ್ಲಿ ನಿಂತಳು. ಮೂರು ದಿನ ಅವಳೂ ಒಳಗಿನಿಂದ ನನ್ನ ಪಾನಾದ ಸದ್ದು ಕೇಳುತ್ತಿದ್ದಳು, ನನ್ನ ಕೈ ಡಬ್ಬಿಯ ಕಡೆ ಹೋಗಿ ಹಿಂದಕ್ಕೆ ಬಂದದ್ದನ್ನೂ ಕಂಡಿರಬೇಕು. ಕೆಲಸದ ಸದ್ದು ಯಾವುದು, ಸುಳ್ಳು ಸದ್ದು ಯಾವುದು ಎಂದು ಮೇಸ್ತ್ರಿಯ ಹೆಂಡತಿಗೆ ಗೊತ್ತಾಗುವುದಿಲ್ಲವೇ.

ಅಡಗಿಸಿ ಮಾಡುವ ಕೆಲಸ ಅದಾಗಿರಲಿಲ್ಲ. ಗುರುಶಾಂತ ನನ್ನ ಮಗ್ಗುಲಲ್ಲೇ ನಿಂತಿದ್ದ. ಎರಡೇ ವರ್ಷ ಕಲಿತಿದ್ದರೂ ರೋಟರ್ ಯಾವುದು, ಕ್ರ್ಯಾಂಕ್ ಯಾವುದು ಎಂದು ಅವನಿಗೆ ಗೊತ್ತು. ನಾನು ಮುಚ್ಚಳ ತೆಗೆದೆ. ಬಿರುಕು ಬಿಟ್ಟದ್ದನ್ನು ಎಳೆದು ಬೆಂಚಿನ ಮೇಲಿಟ್ಟೆ. ಡಬ್ಬಿಯಿಂದ ಒಂದು ತೆಗೆದು ಒರೆಸಿ ಕೂರಿಸಿದೆ. ಮುಚ್ಚಳ ಹಾಕಿದೆ. ಅಷ್ಟೇ ಕೆಲಸ. ಅವನು ಬೆಂಚಿನ ಮೇಲಿದ್ದದ್ದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು, ಬಿರುಕಿನ ಮೇಲೆ ಉಗುರು ಆಡಿಸಿದ. ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಎಂಜಿನ್ ಎದ್ದಿತು. ಬಾಗಿಲಲ್ಲಿದ್ದ ಜನ ಚಪ್ಪಾಳೆ ತಟ್ಟಿದರು. ಗುರುಶಾಂತ ಎರಡೂ ಅಂಗೈಗಳನ್ನು ಬಾನೆಟ್ಟಿನ ಮೇಲೆ ಒತ್ತಿ ನಿಂತ. ಅದರ ನಡುಕ ಅವನ ಮೊಣಕೈ ತನಕ ಏರುವುದು ಕಾಣುತ್ತಿತ್ತು. ಎದ್ದಿದೆ ಎಂಬುದು ಅವನಿಗೆ ತಿಳಿಯಿತು. ಆದರೆ ಅಷ್ಟು ಸಾಲಲಿಲ್ಲ ಅವನಿಗೆ. ಮೂವತ್ತು ವರ್ಷ ಕೇಳಿದ ಸದ್ದು ಅದು. ಅವನು ನನ್ನ ಕಡೆ ತಿರುಗಿ, ನನ್ನ ಬಾಯಿಯ ಮೇಲೆ ಕಣ್ಣಿಟ್ಟು ಕೇಳಿದ.

"ಹ್ಯಾಂಗ ಕೇಳಸ್ತೈತಿ ಮೋನ್ಯಾ? ಇದ್ದದ್ದು ಇದ್ದಂಗ ಹೇಳು."

ನಾನು ಕಿವಿಗೊಟ್ಟೆ. ಎಷ್ಟು ವರ್ಷದಿಂದ ಕೇಳಲೊಲ್ಲೆನೆಂದು ಮುಖ ತಿರುಗಿಸಿದ ಸದ್ದನ್ನು ಆವತ್ತು ನಿಂತು ಕೇಳಿದೆ. ಎಲ್ಲೂ ಒಂದು ಎಳೆ ಒರಟಿಲ್ಲ. ದೊಡ್ಡ ಹಂಡೆಯಲ್ಲಿ ನೀರು ಕುದಿಯಲು ಶುರುವಾಗುವ ಹಾಗೆ ತುಂಬಿಕೊಂಡ, ಸಮಾಧಾನದ ಸದ್ದು. ಹೊರಗೆ ನಿಂತ ನನ್ನ ಗಾಡಿ ಹುಟ್ಟಿದಂದಿನಿಂದ ಹೀಗೆ ಸದ್ದು ಮಾಡಿಲ್ಲ. ಪಾಲು ಸೋರಿರಲಿಲ್ಲ. ಇಬ್ಬರಿಗೂ ಸಮನಾಗಿಯೇ ಬಂದಿತ್ತು, ಅವನು ತನಗೆ ಬಂದದ್ದನ್ನು ಚೆನ್ನಾಗಿ ಕಾಯ್ದುಕೊಂಡಿದ್ದ. ಏನೋ ಪರವಾಗಿಲ್ಲ ಎಂದುಬಿಡಬಹುದಿತ್ತು. ಅವನಿಗೆ ಕೇಳಿಸುವುದಿಲ್ಲ, ನಾನು ಹೇಳಿದ್ದೇ ಅವನಿಗೆ ಸದ್ದು. ಆ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ಅಷ್ಟರಲ್ಲಿ ಅವನ ಜೇಬಿನಲ್ಲಿ ಉಬ್ಬಿ ನಿಂತಿದ್ದ ರೋಟರ್ ಕಾಣಿಸಿತು. ನೆಲ ನೋಡುತ್ತ, ತುಟಿಯಲ್ಲೇ ಎನ್ನುವ ಹಾಗೆ ಹೇಳಿದೆ.

"ನಂದಕ್ಕಿಂತ ಚಲೋ ಐತಿ."

ಅವನಿಗೆ ಕೇಳಿಸಲಿಲ್ಲ. ತಲೆ ತಗ್ಗಿಸಿದ್ದರಿಂದ ಬಾಯಿಯೂ ಕಾಣಿಸಲಿಲ್ಲ. ಏನಂದಿ ಎಂದು ಇನ್ನಷ್ಟು ಹತ್ತಿರ ಬಂದ. ಶಾವಂತ್ರವ್ವ ಬಳೆಯ ಕೈಯನ್ನು ಬಾಗಿಲ ಚೌಕಟ್ಟಿಗೆ ಕೊಟ್ಟು ನನ್ನನ್ನೇ ನೋಡುತ್ತಿದ್ದಳು. ನಾನು ತಲೆ ಎತ್ತಿ, ಅವನ ಮುಖಕ್ಕೆ ಮುಖ ಕೊಟ್ಟು, ಅದನ್ನು ಮತ್ತೊಮ್ಮೆ, ಊರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಬೇಕಾಯಿತು.